ಮೈಮೇಲಿನ ಮಚ್ಚೆ, ರಟ್ಟಿನೊಳಗಿನ ಚಿಪ್

ಹಜ್ ಸಮಿತಿಯ ಮೂಲಕ ಮಕ್ಕಾ ಯಾತ್ರೆಗೆ ಹೊರಡುವ ಸವಣೂರಿನ ಹಿರಿಯರಿಗೆ 2009ಕ್ಕೆ ಮುಂಚೆ ನಾವು ಇಂದು ಕಾಣುವಂಥ ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. ಯಾತ್ರೆಗೆಂದೇ ಸರ್ಕಾರ ಬೇರೊಂದು ಪಾಸ್ ಕೊಡುತ್ತಿತ್ತು. ಹೋಗಿ ಬಂದರೆ ಅದರ ಆಯುಷ್ಯ ತೀರಿತು. ಆ ವರ್ಷದ ಹಜ್‌ನಿಂದ ಸೌದಿ ಅರೇಬಿಯಾ ಎಲ್ಲ ಯಾತ್ರಿಕರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟ್ ಕಡ್ಡಾಯ ಮಾಡಿತು. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ಸೀಮೆಯಲ್ಲಿ ಅದುವರೆಗೆ ಪಾಸ್‌ಪೋರ್ಟ್ ಅಂದರೆ ಗಲ್ಫ್‌ಗೆ ದುಡಿಯಲು ಹೋಗುವ ಹುಡುಗರ ವಸ್ತು, ಓದಲು ಹೋಗುವ ಕೆಲವರ ವಸ್ತು. ಈಗ ಎಲೆಬಳ್ಳಿ ತೋಟ ಬಿಟ್ಟು ಕದಲದ ಅಜ್ಜನೂ, ಹುಟ್ಟಿದ ತಾರೀಖು ಯಾವ ಕಾಗದದಲ್ಲೂ ಇಲ್ಲದ ಅಜ್ಜಿಯೂ ಅರ್ಜಿ ತುಂಬಬೇಕಾಯಿತು. ಹೆಸರಿನ ಇಂಗ್ಲಿಷ್ ಕಾಗುಣಿತ ರೇಷನ್ ಕಾರ್ಡಿನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು. ಪೊಲೀಸ್ ಪರಿಶೀಲನೆ, ಊರಲ್ಲಿ ಮಲಗಿದ್ದ ದಾಖಲೆಗಳಿಗಾಗಿ ಓಡಾಟ. ಒಂದು ಇಡೀ ತಲೆಮಾರು ತನ್ನ ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಜಗತ್ತಿನ ಮುಂದೆ ತಾನು ಯಾರೆಂದು ಸಾಬೀತು ಮಾಡಬೇಕಾಗಿ ಬಂತು.

ಪಾಸ್‌ಪೋರ್ಟಿನ ಚರಿತ್ರೆಯನ್ನು ದೆಹಲಿಯಿಂದಲೋ ಜಿನೀವಾದಿಂದಲೋ ಬರೆದರೆ ಅದು ಕಾಯ್ದೆಗಳ ಮತ್ತು ಯಂತ್ರಗಳ ಚರಿತ್ರೆಯಾಗುತ್ತದೆ. ಈ ನಾಲ್ಕು ತಾಲ್ಲೂಕುಗಳಿಂದ ನೋಡಿದರೆ ಬೇರೆಯೇ ಒಂದು ಪ್ರಶ್ನೆ ಎದ್ದು ಕಾಣುತ್ತದೆ. ನಮ್ಮ ಬಗ್ಗೆ ಆ ಪುಸ್ತಕ ಏನೇನು ಹೇಳುತ್ತದೆ, ಅದನ್ನು ಓದುವ ಹಕ್ಕು ಯಾರಿಗಿದೆ, ಯಾರು ಓದಿದರೆಂದು ನಮಗೆ ತಿಳಿಯುತ್ತದೆಯೇ? ಪುಸ್ತಕದ ರಟ್ಟಿನೊಳಗೆ ಚಿಪ್ ಬಂದು ಕೂತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಮುಂದಕ್ಕೆ ಹಾಕುವಂತಿಲ್ಲ.

ಬ್ರಿಟಿಷ್ ಭಾರತ ಸರ್ಕಾರ ಹಜ್ ಯಾತ್ರಿಕರಿಗೆ ಪಾಸ್‌ಪೋರ್ಟ್ ಕೊಡಲು ಶುರುಮಾಡಿದ್ದು 1880ರ ದಶಕದಲ್ಲಿ. ಪಶ್ಚಿಮ ಭಾರತದವರಿಗೆ ಮುಂಬೈಯೇ ಬಂದರು. 1886ರಲ್ಲಿ ಪ್ರಯಾಣದ ಏರ್ಪಾಡನ್ನು ಥಾಮಸ್ ಕುಕ್ ಕಂಪನಿಗೆ ವಹಿಸಲಾಯಿತು. ಆಗಿನ ಅಧಿಕಾರಿಗಳನ್ನು ಕಾಡುತ್ತಿದ್ದದ್ದು ಕಳ್ಳ ಗುರುತಿನ ಭಯಕ್ಕಿಂತ ಹೆಚ್ಚಾಗಿ ಬಡ ಯಾತ್ರಿಕ ಜಿದ್ದಾದಲ್ಲಿ ಕಾಸಿಲ್ಲದೆ ಉಳಿದರೆ ಹೊಣೆ ಯಾರದು, ಹಡಗಿನಲ್ಲಿ ಕಾಲರಾ ಹಬ್ಬಿದರೆ ಏನು ಗತಿ ಎಂಬ ಚಿಂತೆ. ಕಾಗದ ಯಾತ್ರಿಕನನ್ನು ಎಣಿಸಲು ಇತ್ತು, ಅವನ ಮುಖ ಹಿಡಿದಿಡಲು ಇರಲಿಲ್ಲ.

ಇಂದಿನ ಪುಸ್ತಕದ ರೂಪ ಬಂದದ್ದು ಮೊದಲ ಮಹಾಯುದ್ಧದ ನಂತರ. 1920ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಮ್ಮೇಳನ ಎಲ್ಲ ದೇಶಗಳಿಗೂ ಒಂದೇ ನಮೂನೆಯ ಪಾಸ್‌ಪೋರ್ಟ್ ಇರಲಿ ಎಂದಿತು. ಅದೇ ವರ್ಷ ಭಾರತದಲ್ಲೂ ಕಾಯ್ದೆ ಬಂದು, ದೇಶದೊಳಗೆ ಕಾಲಿಡುವವರ ಬಳಿ ಪಾಸ್‌ಪೋರ್ಟ್ ಇರಲೇಬೇಕೆಂದು ವಿಧಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಆ ಕಾಲದ ಪುಸ್ತಕದಲ್ಲಿ ಭಾವಚಿತ್ರದ ಜೊತೆಗೆ ವೃತ್ತಿ, ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಎದ್ದು ಕಾಣುವ ಗುರುತು ಇವೆಲ್ಲಕ್ಕೂ ಕಾಲಂಗಳಿದ್ದವು. ಬಲಗೆನ್ನೆಯ ಮೇಲೆ ಕರಿಮಚ್ಚೆ, ಎಡ ಹುಬ್ಬಿನ ಮೇಲೆ ಗಾಯದ ಕಲೆ. ಬಂದರಿನ ಗುಮಾಸ್ತ ಪುಸ್ತಕ ತೆರೆದು, ತಲೆ ಎತ್ತಿ ನೋಡಿ, ಮಚ್ಚೆ ಹುಡುಕಬೇಕು. ಬಯೋಮೆಟ್ರಿಕ್ ಎಂದು ನಾವು ಇಂದು ಕರೆಯುವುದರ ಬೀಜ ಈ ಕಾಲಂನಲ್ಲಿದೆ. ದೇಹವೇ ಸಾಕ್ಷಿ. ಆ ಗುರುತಿನ ಕಾಲಂ ಇಂದಿನ ಅರ್ಜಿ ನಮೂನೆಯಲ್ಲಿ ಕೂಡ ಉಳಿದುಕೊಂಡಿದೆ.

ಇಲ್ಲಿ ನಮ್ಮ ಸೀಮೆಗೆ ಒಂದು ವಿಚಿತ್ರ ತೊಡಕಿತ್ತು. ಹಾನಗಲ್, ಹಿರೇಕೆರೂರು (ಆಗಿನ ಕೋಡ ತಾಲ್ಲೂಕು), ಶಿಗ್ಗಾವಿ ಇವೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನ, ಸುಮಾರು 70 ಚದರ ಮೈಲಿಯ ಪುಟ್ಟ ಸೀಮೆ. ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದವನು ಕಾನೂನಿನ ಕಣ್ಣಲ್ಲಿ ಬ್ರಿಟಿಷ್ ಪ್ರಜೆ. ದೇಶೀ ಸಂಸ್ಥಾನದ ಪ್ರಜೆಯಾದರೆ ಪಾಸ್‌ಪೋರ್ಟಿನಲ್ಲಿ ‘ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿ’ ಎಂದು ಬರೆಯುತ್ತಿದ್ದರು. ಧಾರವಾಡ ಜಿಲ್ಲೆಯ ಬಂಕಾಪುರದವನೂ ಸವಣೂರಿನವನೂ ಒಂದೇ ಸಂತೆಗೆ ಹೋಗುತ್ತಿದ್ದರು, ಒಂದೇ ಮಾತಾಡುತ್ತಿದ್ದರು. ಹಡಗು ಹತ್ತುವಾಗ ಮಾತ್ರ ಇಬ್ಬರೂ ಎರಡು ಜಾತಿಯ ಮನುಷ್ಯರಾಗುತ್ತಿದ್ದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದು ಈ ಕಾಲದಲ್ಲೇ. ಆ ಪ್ರಯಾಣ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನ ಕೊಟ್ಟಿತು. 1948ರ ಮಾರ್ಚ್ 8ರಂದು ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಈ ಭೇದ ಅಳಿಯಿತು.

ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಎಂಬುದು ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. ಕೊಡಬಹುದು, ಕೊಡದಿರಬಹುದು, ಕಾರಣ ಹೇಳಬೇಕಿಲ್ಲ. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದಿತು. ಆ ಮೇಲೆಯೇ ಸರ್ಕಾರ ಎಚ್ಚೆತ್ತು ಅದೇ ವರ್ಷದ ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ತಂದದ್ದು. 1978ರ ಮೇನಕಾ ಗಾಂಧಿ ತೀರ್ಪು ಈ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿತು. ಪಾಸ್‌ಪೋರ್ಟ್ ಕಿತ್ತುಕೊಳ್ಳುವ ವಿಧಾನವೂ ನ್ಯಾಯವಾಗಿರಬೇಕು ಎಂದಿತು.

ಕೈಬರಹದ ಪಾಸ್‌ಪೋರ್ಟುಗಳ ಆ ದಶಕಗಳನ್ನು ನೆನೆದಾಗ ನನಗೆ ಹೆಚ್ಚು ನೋವಾಗುವುದು ಒಂದು ಮುದ್ರೆಯ ವಿಷಯದಲ್ಲಿ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಗಲ್ಫ್ ಮೊದಲಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಉದ್ದೇಶ ಒಳ್ಳೆಯದೇ, ಮೋಸದ ಏಜೆಂಟರಿಂದ, ಜೀತದಂಥ ದುಡಿಮೆಯಿಂದ ಅವರನ್ನು ಉಳಿಸುವುದು. ಆದರೆ ಆ ವಿಷಯ ಪುಸ್ತಕದಲ್ಲೇ ನಮೂದಾಗಿರುತ್ತದೆ. ಪುಟ ತಿರುವಿದ ಯಾರಿಗಾದರೂ ಇವನು ಎಸ್ಸೆಸ್ಸೆಲ್ಸಿ ದಾಟಿದವನಲ್ಲ ಎಂದು ತಿಳಿಯುತ್ತದೆ. 2018ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಕೊಡುವುದಾಗಿ ಹೇಳಿತು. ಸಾಲಿನಲ್ಲಿ ನಿಂತ ಕೂಲಿಕಾರನ ಓದು ಎಷ್ಟೆಂದು ಹತ್ತು ಮಾರು ದೂರದಿಂದಲೇ ಕಾಣುವಂತಾಗುತ್ತಿತ್ತು. ವಿರೋಧ ಬಂತು. ಅದೇ ತಿಂಗಳ 30ರಂದು ಸರ್ಕಾರ ಪ್ರಸ್ತಾವ ಕೈಬಿಟ್ಟಿತು. ಖಾಸಗಿತನ ಎಂಬುದು ಪಟ್ಟಣದ, ಓದಿದವರ, ಫೋನಿನ ಮೇಲೆ ಬೆರಳಾಡಿಸುವವರ ಚಿಂತೆ ಎಂದು ತಿಳಿದವರು ಈ ಪ್ರಸಂಗ ನೋಡಬೇಕು. ಅಲ್ಲಿ ಬಯಲಾಗಲಿದ್ದದ್ದು ಅತಿ ಬಡವರ ಗುಟ್ಟು.

ಯಂತ್ರ ಓದುವ ಪಾಸ್‌ಪೋರ್ಟಿನ ಮಾನದಂಡವನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲೇ ಪ್ರಕಟಿಸಿತ್ತು. ಫೋಟೋ ಇರುವ ಪುಟದ ತಳದಲ್ಲಿ ಬಾಣದ ಮೊನೆಯಂಥ ಚಿಹ್ನೆಗಳ ನಡುವೆ ಎರಡು ಸಾಲು ಕಾಣುತ್ತವಲ್ಲ, ಒಂದೊಂದರಲ್ಲೂ 44 ಅಕ್ಷರದ ಜಾಗ, ಅದೇ ಅದು. ಮೊದಲ ಸಾಲಿನಲ್ಲಿ ದೇಶ, ಹೆಸರು. ಎರಡನೆಯದರಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಇವುಗಳ ಹಿಂದೆ ಒಂದೊಂದು ತಪಾಸಣೆ ಅಂಕಿ ಇರುತ್ತದೆ. ಅಂಕಿಗಳನ್ನು ಸರದಿಯಂತೆ 7, 3, 1ರಿಂದ ಗುಣಿಸಿ ಕೂಡಿ ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದು. ಯಂತ್ರ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಆದರೆ ಈ ಲೆಕ್ಕ ಬಹಿರಂಗ. ಕಳ್ಳನೂ ಅದನ್ನು ಮಾಡಬಲ್ಲ. ಓದಿನ ತಪ್ಪು ಹಿಡಿಯಲು ಅದು ಸಾಕು, ಮೋಸ ಹಿಡಿಯಲು ಸಾಲದು. ಕೈಬರಹದ ಪಾಸ್‌ಪೋರ್ಟುಗಳಿಗೆ ಜಗತ್ತು ಕೊಟ್ಟ ಕೊನೆಯ ಗಡುವು 2015ರ ನವೆಂಬರ್ 24.

ಅಷ್ಟರೊಳಗೆ ಚಿಪ್ ಬಂದಾಗಿತ್ತು. ಮಲೇಷ್ಯಾ 1998ರಲ್ಲೇ ಹೆಬ್ಬೆಟ್ಟಿನ ಗುರುತಿರುವ ಚಿಪ್ ಪಾಸ್‌ಪೋರ್ಟ್ ಹೊರತಂದಿತ್ತು. 2001ರ ಸೆಪ್ಟೆಂಬರಿನ ದಾಳಿಯ ನಂತರ ಅಮೆರಿಕದ ಒತ್ತಡ ಹೆಚ್ಚಿ, 2003ರ ಮೇ ತಿಂಗಳಲ್ಲಿ ವಿಮಾನಯಾನ ಸಂಸ್ಥೆ ನಕ್ಷೆ ಹಾಕಿಕೊಟ್ಟಿತು. ತಂತಿ ಸಂಪರ್ಕವಿಲ್ಲದೆ ಓದಬಹುದಾದ ಚಿಪ್, ಅದರಲ್ಲಿ ಎಲ್ಲ ದೇಶಗಳಿಗೂ ಸಾಮಾನ್ಯವಾಗಿ ಮುಖದ ಚಿತ್ರ, ಬೇಕೆಂದರೆ ಬೆರಳಚ್ಚು ಅಥವಾ ಕಣ್ಣಿನ ಪಾಪೆ, ಮತ್ತು ಅದಕ್ಕೆಲ್ಲ ಸರ್ಕಾರದ ಡಿಜಿಟಲ್ ಸಹಿ. ಆ ನಮೂನೆಯ ಪಾಸ್‌ಪೋರ್ಟನ್ನು ಮೊದಲು ಕೊಟ್ಟದ್ದು ಬೆಲ್ಜಿಯಂ, 2004ರ ನವೆಂಬರಿನಲ್ಲಿ.

ಡಿಜಿಟಲ್ ಸಹಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಹಾವೇರಿ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಜಿಲ್ಲಾಡಳಿತದ ಕಚೇರಿಗಳಿರುವ ದೇವಗಿರಿಯಲ್ಲಿ ಕದಂಬ ಮೃಗೇಶವರ್ಮನ ಕಾಲದ ತಾಮ್ರಶಾಸನಗಳು ಸಿಕ್ಕಿದ್ದವು. ಅವನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಮುಂಬೈ ಸಿವಿಲ್ ಸರ್ವಿಸ್‌ನ ಜಾನ್ ಫೇಥ್‌ಫುಲ್ ಫ್ಲೀಟ್. ತಾಮ್ರಶಾಸನದ ಹಲಗೆಗಳಿಗೆ ತೂತು ಕೊರೆದು ಒಂದು ಉಂಗುರ ಪೋಣಿಸುತ್ತಾರೆ. ಉಂಗುರದ ಎರಡೂ ತುದಿ ರಾಜಮುದ್ರೆಯ ಬುಡದಲ್ಲಿ ಬೆಸೆದಿರುತ್ತವೆ. ಹಾನಗಲ್ಲಿನ ಕದಂಬರದು ಸಿಂಹಲಾಂಛನ, ಚಾಲುಕ್ಯರದು ವರಾಹ. ಹಲಗೆ ಬದಲಿಸಬೇಕಾದರೆ ಉಂಗುರ ಕತ್ತರಿಸಲೇಬೇಕು. ಫ್ಲೀಟ್ ಶಾಸನಗಳನ್ನು ಸಂಪಾದಿಸುವಾಗ, ಅವು ತಮ್ಮ ಕೈಗೆ ಬರುವಾಗ ಉಂಗುರ ಕತ್ತರಿಸಿತ್ತೋ ಇಲ್ಲವೋ ಎಂದು ತಪ್ಪದೆ ಬರೆದಿಡುತ್ತಿದ್ದರು. ಖೋಟಾ ಶಾಸನಗಳ ಮೇಲೆ 1901ರಲ್ಲಿ ಅವರೇ ದೊಡ್ಡ ಲೇಖನ ಬರೆದರು. ಖೋಟಾ ಶಾಸನಗಳಿಗೆ ನಮ್ಮಲ್ಲಿ ಕೊರತೆಯೂ ಇರಲಿಲ್ಲ. ಅರ್ಜುನನ ಮರಿಮಗ ಜನಮೇಜಯನ ಹೆಸರಿನಲ್ಲೇ ದಾನಪತ್ರ ಕೆತ್ತಿಸಿಕೊಂಡವರಿದ್ದಾರೆ.

ಚಿಪ್‌ನಲ್ಲಿ ಈ ಉಂಗುರದ ಜಾಗದಲ್ಲಿ ಗಣಿತವಿದೆ. ಮುಖದ ಚಿತ್ರ, ಹೆಸರು, ದಿನಾಂಕ ಇವೆಲ್ಲವನ್ನೂ ಅರೆದು ಒಂದೊಂದು ಚಿಕ್ಕ ಸಾರಸಂಖ್ಯೆ ಮಾಡುತ್ತಾರೆ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಸಾರಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆ ಸಂಖ್ಯೆಗಳ ಮೇಲೆ ಸರ್ಕಾರ ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ಇದ್ದವರು ಯಾರು ಬೇಕಾದರೂ ಸಹಿ ಪರೀಕ್ಷಿಸಬಹುದು, ಆದರೆ ಹೊಸ ಸಹಿ ಹುಟ್ಟಿಸಲಾರರು. ಹೀಗಾಗಿ ಅಸಲಿ ಪುಸ್ತಕದ ಫೋಟೋ ಕಿತ್ತು ಬೇರೆ ಅಂಟಿಸುವ ಹಳೆಯ ದಂಧೆಗೆ ಇಲ್ಲಿ ದೊಡ್ಡ ಪೆಟ್ಟು ಬಿತ್ತು. ಇದು ನಿಜವಾದ ಗೆಲುವು, ಸಣ್ಣದೆಂದು ತಳ್ಳಿಹಾಕುವಂಥದಲ್ಲ.

ಆದರೂ ಒಂದು ಸಂದು ಉಳಿದಿತ್ತು. ಸಹಿಯ ಸಮೇತ ಇಡೀ ಮಾಹಿತಿಯನ್ನೇ ಇನ್ನೊಂದು ಚಿಪ್‌ಗೆ ನಕಲಿಳಿಸಿದರೆ? 2006ರ ಆಗಸ್ಟಿನಲ್ಲಿ ಲುಕಾಸ್ ಗ್ರುನ್ವಾಲ್ಡ್ ಎಂಬ ಜರ್ಮನ್ ತಜ್ಞ ಅಮೆರಿಕದ ಸಮ್ಮೇಳನವೊಂದರಲ್ಲಿ ಅದನ್ನು ಮಾಡಿ ತೋರಿಸಿದ. ಸಹಿ ಅಸಲಿಯೇ, ಮಾಹಿತಿಯೂ ಅಸಲಿಯೇ, ಚಿಪ್ ಮಾತ್ರ ನಕಲಿ. ಇದಕ್ಕೆ ಮದ್ದು, ಚಿಪ್‌ನೊಳಗೇ ಎಂದೂ ಹೊರಬಾರದ ಒಂದು ಗುಟ್ಟಿನ ಕೀಲಿ ಇಟ್ಟು, ಯಂತ್ರ ಪ್ರತಿ ಸಲ ಹೊಸ ಸವಾಲು ಹಾಕಿ ಉತ್ತರ ಕೇಳುವುದು. ಮಾಹಿತಿ ನಕಲಾಗಬಹುದು, ಆ ಕೀಲಿ ನಕಲಾಗದು. ಎರಡು ವರ್ಷದ ನಂತರ, 2008ರಲ್ಲಿ, ಯೆರೂನ್ ವಾನ್ ಬೇಕ್ ಎಂಬಾತ ಸತ್ತು ಎಷ್ಟೋ ವರ್ಷವಾಗಿದ್ದ ಗಾಯಕ ಎಲ್ವಿಸ್ ಪ್ರೀಸ್ಲಿಯ ಹೆಸರಿನ ಚಿಪ್ ಮಾಡಿ ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದ ಯಂತ್ರಕ್ಕೆ ತೋರಿಸಿದ. ಯಂತ್ರ ಎಲ್ವಿಸ್‌ನ ಮುಖವನ್ನು ತಕರಾರಿಲ್ಲದೆ ತೋರಿಸಿತು. ಏಕೆಂದರೆ ಸಹಿ ಇದೆಯೇ ಎಂದಷ್ಟೇ ಅದು ನೋಡಿತ್ತು, ಯಾವ ಸರ್ಕಾರದ ಸಹಿ ಎಂದು ನೋಡಿರಲಿಲ್ಲ. ದೇಶಗಳು ಪರಸ್ಪರ ಬಹಿರಂಗ ಕೀಲಿ ಹಂಚಿಕೊಳ್ಳಲೆಂದು 2007ರಲ್ಲೇ ಒಂದು ಸಾಮಾನ್ಯ ಕೋಶ ಶುರುವಾಗಿದ್ದರೂ ಆಗ ಅದಕ್ಕೆ ಸೇರಿದ್ದವು ಬೆರಳೆಣಿಕೆಯ ದೇಶಗಳು. ರಾಜಮುದ್ರೆ ಎಂದೂ ಕಂಡಿರದವನ ಮುಂದೆ ಯಾವ ಮುದ್ರೆ ಇಟ್ಟರೂ ರಾಜಮುದ್ರೆಯೇ.

ಇದುವರೆಗೆ ಹೇಳಿದ್ದೆಲ್ಲ ಸರ್ಕಾರದ ಭದ್ರತೆ. ಪುಸ್ತಕ ಹಿಡಿದವನ ಭದ್ರತೆಯ ಕತೆ ಬೇರೆ. ತಂತಿಯಿಲ್ಲದೆ ಓದುವ ಚಿಪ್ ಅಂದರೆ ಜೇಬಿನಲ್ಲಿದ್ದಾಗಲೂ ಯಾರೋ ಓದಬಹುದು ಎಂದಾಯಿತು. 2005ರಲ್ಲಿ ಅಮೆರಿಕ ಸರ್ಕಾರ ಜನಾಭಿಪ್ರಾಯ ಕೇಳಿದಾಗ 2,335 ಪ್ರತಿಕ್ರಿಯೆ ಬಂದವು, ಹೆಚ್ಚುಕಡಿಮೆ ಎಲ್ಲವೂ ವಿರೋಧವೇ. ಅದೇ ವರ್ಷ ಆರಿ ಜ್ಯುಯೆಲ್ಸ್, ಡೇವಿಡ್ ಮೋಲ್ನರ್, ಡೇವಿಡ್ ವ್ಯಾಗ್ನರ್ ಎಂಬ ಮೂವರು ಸಂಶೋಧಕರು ಈ ಅಪಾಯಗಳನ್ನು ಒಂದೊಂದಾಗಿ ಬಿಡಿಸಿ ಬರೆದರು. ಸರ್ಕಾರ ಮಣಿದು, ರಟ್ಟಿನೊಳಗೆ ಲೋಹದ ತೆರೆ ಸೇರಿಸಿತು, ಚಿಪ್‌ಗೆ ಬೀಗ ಹಾಕಿತು. ಜನ ಬರೆದ ಪತ್ರಗಳಿಂದ ಒಂದು ಯಂತ್ರದ ವಿನ್ಯಾಸವೇ ಬದಲಾದ ಈ ಪ್ರಸಂಗ ನಮಗೆ ಗೊತ್ತಿರಬೇಕು.

ಆ ಬೀಗದ ಕೀಲಿ ಎಲ್ಲಿದೆ? ಅದೇ ಎರಡು ಸಾಲಿನಲ್ಲಿ. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಈ ಮೂರನ್ನು ಸೇರಿಸಿ ಯಂತ್ರ ಕೀಲಿ ತಯಾರಿಸುತ್ತದೆ. ಪುಸ್ತಕ ತೆರೆದು ಕೊಟ್ಟವನು ಒಪ್ಪಿಗೆ ಕೊಟ್ಟಂತೆ ಎಂಬುದು ಇದರ ತರ್ಕ. ತರ್ಕವೇನೋ ಸೊಗಸು, ಆದರೆ ಕೀಲಿ ಬಡಕಲು. ಭಾರತದ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದು ಅಕ್ಷರ, ಏಳು ಅಂಕಿ. ಅಂದರೆ ಹೆಚ್ಚೆಂದರೆ 26 ಕೋಟಿ ಸಂಖ್ಯೆಗಳು. ನೂರು ವರ್ಷದ ಜನ್ಮದಿನಗಳು ಸುಮಾರು 36,500. ಹತ್ತು ವರ್ಷದ ಅವಧಿಯ ದಿನಗಳು 3,650. ಗುಣಿಸಿದರೆ ಸುಮಾರು 346 ಕೋಟಿ ಕೋಟಿ ಸಾಧ್ಯತೆ. ದೊಡ್ಡದೆನಿಸುತ್ತದೆ. ಆದರೆ ಹುಟ್ಟುಹಬ್ಬದ ಶುಭಾಶಯ ಎಲ್ಲರೂ ಕಾಣುವ ಹಾಗೆ ಹಾಕಿಕೊಳ್ಳುವ ಕಾಲವಿದು. ಜನ್ಮದಿನ ಗೊತ್ತಾದರೆ ಉಳಿಯುವುದು ಸುಮಾರು 95 ಸಾವಿರ ಕೋಟಿ, ಕಂಪ್ಯೂಟರಿಗೆ ಅದು ಹೆಚ್ಚಿನ ಕೆಲಸವಲ್ಲ. ನೆದರ್ಲೆಂಡ್ಸ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆಗಳು ಸರಣಿಯಾಗಿ ಬರುತ್ತಿದ್ದುದನ್ನು ಗಮನಿಸಿದ ಅಲ್ಲಿನ ತಜ್ಞರು, ಕದ್ದು ಕೇಳಿದ ಸಂಭಾಷಣೆಯನ್ನು ಎರಡು ಗಂಟೆಯೊಳಗೆ ಬಿಡಿಸಬಹುದೆಂದು 2006ರ ಹೊತ್ತಿಗೆ ತೋರಿಸಿಕೊಟ್ಟರು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನ ಸಂಶೋಧಕರು 2010ರಲ್ಲಿ ಇನ್ನೊಂದು ಬಿರುಕು ಕಂಡರು. ಒಮ್ಮೆ ಹಿಡಿದಿಟ್ಟ ಸಂದೇಶವನ್ನು ಮತ್ತೆ ಕಳಿಸಿದರೆ, ಅದೇ ಪಾಸ್‌ಪೋರ್ಟ್ ಕೊಡುವ ಉತ್ತರಕ್ಕೂ ಬೇರೆಯದು ಕೊಡುವ ಉತ್ತರಕ್ಕೂ ವ್ಯತ್ಯಾಸ ಇರುತ್ತಿತ್ತು. ಒಳಗಿನ ಒಂದಕ್ಷರ ಓದದೆಯೂ ಈ ಮನುಷ್ಯ ಇಲ್ಲಿ ಹಾದುಹೋದ ಎಂದು ಪತ್ತೆಹಚ್ಚಲು ಅಷ್ಟು ಸಾಕು. ಆಮೇಲೆ ಬಂದ ಹೊಸ ಬೀಗದ ವಿಧಾನ, ಜರ್ಮನಿಯಲ್ಲಿ ರೂಪುಗೊಂಡದ್ದು, ಕದ್ದು ಕೇಳುವವನಿಗೆ ಕೀಲಿ ಊಹಿಸುವ ದಾರಿ ಮುಚ್ಚುತ್ತದೆ. ಬೆರಳಚ್ಚು ಇದ್ದರೆ ಅದಕ್ಕೆ ಮೂರನೆಯ ಬೀಗ. ಪಾಸ್‌ಪೋರ್ಟ್ ಕೊಟ್ಟ ದೇಶ ಒಪ್ಪಿ ಪ್ರಮಾಣಪತ್ರ ಕೊಟ್ಟ ಯಂತ್ರ ಮಾತ್ರ ಅದನ್ನು ತೆಗೆಯಬಲ್ಲದು.

ನನ್ನನ್ನು ಹೆಚ್ಚು ಕಾಡುವುದು ಗಣಿತದ ಈ ಬಿರುಕುಗಳಿಗಿಂತ ಝೆರಾಕ್ಸ್ ಅಂಗಡಿ. ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರವೋ ಶಿಗ್ಗಾವಿಯ ಪೇಟೆಯಲ್ಲೋ ಪಾಸ್‌ಪೋರ್ಟಿನ ಪ್ರತಿ ಮಾಡಿಸಲು ನಿಂತರೆ ಗಾಜಿನ ಮೇಲೆ ಮಗುಚುವುದು ಅದೇ ಫೋಟೋ ಪುಟ. ಎರಡು ಸಾಲು, ಮೂರು ಅಂಶ, ಅಂದರೆ ಚಿಪ್‌ನ ಕೀಲಿ. ಸರಿಬರದ ಪ್ರತಿ ಕಾಲಬುಡದ ಡಬ್ಬಿಗೆ ಬೀಳುತ್ತದೆ. ಗಲ್ಫ್‌ಗೆ ಕಳಿಸುವ ಏಜೆಂಟನಿಗೆ ವಾಟ್ಸಾಪ್‌ನಲ್ಲಿ ಅದೇ ಪುಟದ ಫೋಟೋ. ಹೋಟೆಲ್ಲಿನ ಕೌಂಟರಿಗೆ, ಸಿಮ್ ಕಾರ್ಡಿಗೆ, ಟಿಕೆಟ್ಟಿಗೆ ಅದೇ ಪುಟ. ಹೊಸ ವಿಧಾನದ ಬೀಗ ಬಂದರೂ ಆ ಸಾಲು ಗೊತ್ತಿದ್ದವನು ಚಿಪ್‌ನ ಹತ್ತಿರ ಬಂದರೆ ತೆಗೆಯಬಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಚಿಪ್‌ನಲ್ಲಿರುವ ಮುಖ, ಹೆಸರು ಬಹುಮಟ್ಟಿಗೆ ಆ ಪುಟದಲ್ಲೇ ಇವೆ. ಆದರೆ ಬೀಗ ಹಾಕಿದ್ದೇವೆ ಎನ್ನುವವರು ಕೀಲಿ ಎಲ್ಲೆಲ್ಲಿ ಬಿದ್ದಿದೆ ಎಂದೂ ಜನರಿಗೆ ಹೇಳಬೇಕು. ಪ್ರತಿ ಕೊಡುವಾಗ ತಳದ ಎರಡು ಸಾಲು ಮುಚ್ಚಬಹುದಾದ ಕಡೆ ಮುಚ್ಚಿ ಎಂದು ಕನ್ನಡದಲ್ಲಿ ಒಂದು ಮಾತು ಅರ್ಜಿದಾರನಿಗೆ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಭಾರತದ ಮೊದಲ ಚಿಪ್ ಪಾಸ್‌ಪೋರ್ಟ್ ಹೊರಬಂದದ್ದು 2008ರ ಜೂನ್ 25ರಂದು, ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರ ಹೆಸರಿನಲ್ಲಿ. ನಂತರ ಬಹಳ ವರ್ಷ ಅದು ರಾಜತಾಂತ್ರಿಕ ಮತ್ತು ಅಧಿಕೃತ ಪಾಸ್‌ಪೋರ್ಟುಗಳಿಗಷ್ಟೇ ಸೀಮಿತವಾಗಿತ್ತು. ಸಾಮಾನ್ಯರ ಪಾಸ್‌ಪೋರ್ಟಿನಲ್ಲಿ ಚಿಪ್ ಇರಲಿಲ್ಲ. ಆದರೆ ಅವರ ಬೆರಳುಗಳನ್ನು ಸರ್ಕಾರ ಅಷ್ಟರಲ್ಲೇ ಸಂಗ್ರಹಿಸತೊಡಗಿತ್ತು, ಅದರಲ್ಲೂ ನಮ್ಮ ಸೀಮೆಯವರದನ್ನು ಬಹುಬೇಗ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಾಯೋಗಿಕ ಹಂತಕ್ಕೆ ದೇಶದಲ್ಲಿ ಆರಿಸಿದ ಏಳು ಕೇಂದ್ರಗಳಲ್ಲಿ ನಾಲ್ಕು ಕರ್ನಾಟಕದವು: ಬೆಂಗಳೂರಿನ ಎರಡು, ಮಂಗಳೂರು ಮತ್ತು ಹುಬ್ಬಳ್ಳಿ. ಶಿಗ್ಗಾವಿಯವರಿಗೆ ಹೆದ್ದಾರಿ ಹಿಡಿದರೆ ಹುಬ್ಬಳ್ಳಿ ಹತ್ತಿರ. ಹಿರೇಕೆರೂರಿನ ಹಳ್ಳಿಯವರಿಗೆ ಅದು ಇಡೀ ದಿನದ ಕೆಲಸ, ಒಂದು ದಿನದ ಕೂಲಿ. ಒಳಗೆ ಎ, ಬಿ, ಸಿ ಎಂದು ಮೂರು ಬಗೆಯ ಕೌಂಟರ್. ಮೊದಲನೆಯದರಲ್ಲಿ ಗುತ್ತಿಗೆ ಪಡೆದ ಟಿಸಿಎಸ್ ಕಂಪನಿಯ ಸಿಬ್ಬಂದಿ ಫೋಟೋ ಹಿಡಿಯುತ್ತಾರೆ, ಹತ್ತೂ ಬೆರಳಿನ ಅಚ್ಚು ತೆಗೆಯುತ್ತಾರೆ. ಉಳಿದ ಎರಡರಲ್ಲಿ ಸರ್ಕಾರಿ ಅಧಿಕಾರಿಗಳು ಕಾಗದ ನೋಡಿ ಮಂಜೂರು ಮಾಡುತ್ತಾರೆ.

ಬೆರಳಿನ ಮಾತು ಬಂತು. ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರಿನ ಹಿಂದೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಲ್ಲಿ ಬೆಳೆಸಿದ ವರ್ಗೀಕರಣ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಜಗತ್ತಿಗೆ ಹರಡಿತು. ಅಂದರೆ ಹೊರನಾಡಿನಿಂದ ಬಂದದ್ದೆಂದು ನಾವು ತಿಳಿದಿರುವ ಈ ವಿದ್ಯೆ ಬೆಳೆದದ್ದು ಈ ನೆಲದ ಬೆರಳುಗಳ ಮೇಲೆ, ಆಳುವವರಿಗೆ ಆಳಿಸಿಕೊಳ್ಳುವವರ ಮೇಲಿದ್ದ ಅಪನಂಬಿಕೆಯಿಂದ.

ಆ ಬೆರಳುಗಳಿಗೆ ಈ ಸೀಮೆಯಲ್ಲಿ ಇನ್ನೊಂದು ಇತಿಹಾಸವಿದೆ. ಹಿರೇಕೆರೂರು, ರಾಣೆಬೆನ್ನೂರು ಸುತ್ತಲ ಸೀಡ್ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಹತ್ತಿಹೂವಿನ ಮೊಗ್ಗನ್ನು ಉಗುರಿನಿಂದ ಸೀಳಿ ಗಂಡುಭಾಗ ಕಿತ್ತು ತೆಗೆಯುತ್ತಾರೆ, ಮಾರನೆಯ ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗ ಮುಟ್ಟಿಸುತ್ತಾರೆ. ಕ್ರಾಸಿಂಗ್ ಎನ್ನುತ್ತಾರೆ ಅದಕ್ಕೆ. ಇಡೀ ಹಂಗಾಮು ಹೆಬ್ಬೆರಳು, ತೋರುಬೆರಳಿನದೇ ಕೆಲಸ. ಮೆಣಸಿನಕಾಯಿ ತೊಟ್ಟು ಬಿಡಿಸುವವರದು, ಗಾರೆ ಕೆಲಸದವರದು, ವೀಳ್ಯದೆಲೆ ಕೊಯ್ಯುವವರದು ಇದೇ ಕತೆ. ಗೆರೆ ಸವೆದ ಬೆರಳನ್ನು ಗಾಜಿನ ಮೇಲಿಟ್ಟರೆ ಯಂತ್ರಕ್ಕೆ ಏನೂ ಕಾಣುವುದಿಲ್ಲ. ‘ಬಟ್ಟು ಬರವಲ್ದು ನೋಡ್ರಿ, ಒರಸ್ಕೊಂಡು ಇನ್ನೊಮ್ಮೆ ಇಡ್ರಿ’ ಎಂಬ ಮಾತು ರೇಷನ್ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಕೇಳಿಬರುತ್ತದೆ. ದುಡಿದು ದುಡಿದು ಗೆರೆ ಕಳೆದುಕೊಂಡ ಕೈ ಯಂತ್ರದ ಮುಂದೆ ಅನುಮಾನಕ್ಕೆ ಒಳಗಾಗುವುದು ನನಗೆ ಸಹಿಸಲಾಗದ ಸಂಗತಿ. ಪಾಸ್‌ಪೋರ್ಟಿನ ವಿಶ್ವಮಾನದಂಡ ಮುಖವನ್ನು ಮೊದಲ ಗುರುತಾಗಿ ಆರಿಸಿ ಬೆರಳನ್ನು ಐಚ್ಛಿಕವಾಗಿ ಇಟ್ಟದ್ದು, ಈ ದೃಷ್ಟಿಯಿಂದ ನೋಡಿದರೆ, ನಮ್ಮ ರೈತಾಪಿ ಜನಕ್ಕೆ ಅನುಕೂಲವೇ ಆಯಿತು.

ಬೆರಳು, ಮುಖ ಒಮ್ಮೆ ಕೊಟ್ಟ ಮೇಲೆ ಅವು ಯಾರವು? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ನಡುವೆ ಸರ್ಕಾರ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಅದು ಮೂಲಭೂತ ಹಕ್ಕೇ ಹೌದು ಎಂದು ತೀರ್ಪು ಕೊಟ್ಟಿತು. ಹಳೆಯ ಧಾರವಾಡ ಜಿಲ್ಲೆಯಿಂದ ಹಾವೇರಿ ಜಿಲ್ಲೆ ಬೇರೆಯಾದದ್ದು 1997ರ ಆಗಸ್ಟ್ 24ರಂದು. ಜಿಲ್ಲೆಗೆ ಇಪ್ಪತ್ತು ತುಂಬಿದ ದಿನವೇ ಈ ತೀರ್ಪು ಬಂತೆಂಬುದು ಬರಿಯ ಕಾಕತಾಳೀಯ, ಆದರೂ ನೆನಪಿಡಲು ಒಳ್ಳೆಯ ಕಾಕತಾಳೀಯ. ಮರುವರ್ಷದ ಸೆಪ್ಟೆಂಬರ್ 26ರ ತೀರ್ಪು ಕೆಲವು ಮಿತಿಗಳೊಂದಿಗೆ ಆಧಾರ್ ಅನ್ನು ಎತ್ತಿಹಿಡಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆಧಾರ್‌ಗೂ ಚಿಪ್ ಪಾಸ್‌ಪೋರ್ಟಿಗೂ ಸ್ವಭಾವದಲ್ಲೇ ಒಂದು ಅಂತರವಿದೆ. ಆಧಾರ್‌ನಲ್ಲಿ ಬೆರಳು ಇಟ್ಟಾಗ ಅದು ಕೇಂದ್ರದ ಕಣಜಕ್ಕೆ ಹೋಗಿ ಅಲ್ಲಿ ತಾಳೆಯಾಗಿ ಬರಬೇಕು. ಪಾಸ್‌ಪೋರ್ಟಿನಲ್ಲಿ ಮುಖ ಚಿಪ್‌ನಲ್ಲೇ ಇದೆ, ಸಹಿಯೂ ಅಲ್ಲೇ ಇದೆ. ಎದುರಿಗೆ ನಿಂತವನ ಮುಖದೊಂದಿಗೆ ಅದನ್ನು ಹೋಲಿಸಲು ಯಾವ ಕಣಜವನ್ನೂ ಕೇಳಬೇಕಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಉತ್ತಮ ವಿನ್ಯಾಸ. ನಿಮ್ಮ ಮುಖ ನಿಮ್ಮ ಜೇಬಿನಲ್ಲೇ ಇರುತ್ತದೆ. ತೊಂದರೆ ಏನೆಂದರೆ, ಅದು ಜೇಬಿನಲ್ಲಿ ಮಾತ್ರ ಉಳಿದಿಲ್ಲ. ಎ ಕೌಂಟರಿನಲ್ಲಿ ಒತ್ತಿದ ಹತ್ತು ಬೆರಳು ಸರ್ವರ್ ಸೇರಿವೆ. ವಿದೇಶದ ವಿಮಾನ ನಿಲ್ದಾಣದಲ್ಲಿ ಓದಿದ ಮುಖವನ್ನು ಆ ದೇಶ ತನ್ನ ಕಾನೂನಿನಂತೆ ಇಟ್ಟುಕೊಳ್ಳುತ್ತದೆ. ಗೂಢಲಿಪಿಯ ಬೀಗಗಳೆಲ್ಲ ಚಿಪ್‌ಗೆ. ಸರ್ವರ್‌ನ ಕಾವಲಿಗೆ ಬೇಕಾದದ್ದು ಕಾನೂನು, ಮತ್ತು ಆ ಕಾನೂನನ್ನು ಕೇಳುವ ಜನ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಆದರೆ ಸರ್ಕಾರದ ಸಂಸ್ಥೆಗಳಿಗೇ ಅದರಿಂದ ವಿನಾಯಿತಿ ಕೊಡುವ ಅವಕಾಶವೂ ಅದರಲ್ಲೇ ಇದೆ. ಪಾಸ್‌ವರ್ಡ್ ಸೋರಿಕೆಯಾದರೆ ಬದಲಿಸಿಕೊಳ್ಳಬಹುದು. ಬೆರಳನ್ನು ಬದಲಿಸಲಾಗದು. ಆದ್ದರಿಂದ ಪಾಸ್‌ಪೋರ್ಟ್ ಮಂಜೂರಾದ ಮೇಲೆ ಹತ್ತು ಬೆರಳನ್ನು ಎಷ್ಟು ವರ್ಷ, ಯಾತಕ್ಕೆ ಇಡುತ್ತಾರೆ ಎಂದು ಅರ್ಜಿದಾರನಿಗೆ ಅವನ ಭಾಷೆಯಲ್ಲಿ ಬರೆದು ಕೊಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

2024ರ ಏಪ್ರಿಲ್ 1ರಿಂದ ಸಾಮಾನ್ಯರಿಗೂ ಚಿಪ್ ಪಾಸ್‌ಪೋರ್ಟ್ ಕೊಡುವ ಪ್ರಯೋಗ ನಾಗಪುರ, ಭುವನೇಶ್ವರ, ಗೋವಾ, ಚೆನ್ನೈ, ಹೈದರಾಬಾದ್ ಮೊದಲಾದ ಕಡೆ ನಡೆದು, 2025ರ ಮೇ ಕೊನೆಯ ಹೊತ್ತಿಗೆ ಅದು ದೇಶವ್ಯಾಪಿಯಾಯಿತು. ಮುಖಪುಟದ ಮೇಲೆ ಬಂಗಾರದ ಬಣ್ಣದ ಸಣ್ಣ ಚಿಹ್ನೆ ಇದ್ದರೆ ಒಳಗೆ ಚಿಪ್ಪೂ ಆಂಟೆನಾವೂ ಇವೆ ಎಂದು ತಿಳಿಯಬೇಕು. ವಿದೇಶಾಂಗ ಸಚಿವಾಲಯದ ಮಾತಿನಂತೆ ಅದರಲ್ಲಿ ವೈಯಕ್ತಿಕ ವಿವರ ಮತ್ತು ಬಯೋಮೆಟ್ರಿಕ್ ಮಾಹಿತಿ ಇರುತ್ತದೆ. ಹಳೆಯ ಪುಸ್ತಕ ಇದ್ದವರು ಅದರ ಅವಧಿ ಮುಗಿಯುವ ಮುನ್ನ ಬದಲಿಸಬೇಕೆಂಬ ಕಡ್ಡಾಯವಿಲ್ಲ. 2025ರ ಮೇಗೆ ಸ್ವಲ್ಪ ಮುಂಚೆ ಹತ್ತು ವರ್ಷಕ್ಕೆ ಪಡೆದವು 2035ರ ತನಕ ನಡೆಯುತ್ತವೆ. ಅಲ್ಲಿಯವರೆಗೆ ಒಂದೇ ಮನೆಯಲ್ಲಿ ಉಮ್ರಾಕ್ಕೆ ಹೊರಟ ತಂದೆಯ ಬಳಿ ಚಿಪ್ ಇಲ್ಲದ ಪುಸ್ತಕ, ನರ್ಸಿಂಗ್ ಕೆಲಸಕ್ಕೆ ಹೊರಟ ಮಗಳ ಬಳಿ ಚಿಪ್ ಇರುವ ಪುಸ್ತಕ ಇರುತ್ತದೆ. ಇಬ್ಬರೂ ಅರ್ಜಿಯಲ್ಲಿ ಎದ್ದು ಕಾಣುವ ಗುರುತು ಏನೆಂದು ಬರೆದಿರುತ್ತಾರೆ, ಇಬ್ಬರೂ ಹುಬ್ಬಳ್ಳಿಯ ಕೌಂಟರಿನಲ್ಲಿ ಹತ್ತು ಬೆರಳು ಒತ್ತಿರುತ್ತಾರೆ.